ಮಸಿ ಬಳಿಯುವ ವಿದ್ಯೆ

ಮಸಿ ಬಳಿಯುವುದೆಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಅರ್ಥವಿಲ್ಲ. ಮನೆತನಕ್ಕೆ ಮಸಿ ಬಳಿದ ಮಗ, ಊರಿನ ಹೆಸರಿಗೆ ಮಸಿ ಬಳಿದ ಮುಖಂಡ ಎಂದೇ ಅದು ಬಳಕೆಯಲ್ಲಿದೆ. ಹೀಗಿರುವಾಗ, ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತನಾಗಿ, ಕೆಂಕೆರೆಯ ಹಳೆಯ ಮನೆಗೆ ಹಿಂದಿರುಗಿ, ತೆಂಗಿನ ತೋಟದ ನೆರಳಿನಲ್ಲಿ ಮರ್ಯಾದೆಯಿಂದ ಬಾಳುತ್ತಿರುವ ನನ್ನಂಥವನು ದಿನವೂ ಬೆಳಗಿನ ಕಾಫಿಯಾದ ಮೇಲೆ ಎರಡು ಗಂಟೆಯ ಕಾಲ ಮಸಿ ಬಳಿಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದಾನೆಂದರೆ ಓದುಗರು ಹುಬ್ಬೇರಿಸಿಯಾರು. ಗಾಬರಿಗೆ ಕಾರಣವಿಲ್ಲ. ನಾನು ಮಸಿ ಬಳಿಯುವುದು ಉಗಿ ಎಂಜಿನುಗಳಿಗೆ. ಅದೂ ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕವಾದ, ನನ್ನ ಕೈಯಿಂದಲೇ ಮಾಡಿದ ಮಾದರಿ ಎಂಜಿನುಗಳಿಗೆ.

ಕೆಂಕೆರೆಯಲ್ಲಿ ಕುಳಿತು ರೈಲಿನ ಹುಚ್ಚು ಹಿಡಿಸಿಕೊಳ್ಳುವುದು ವಿಚಿತ್ರವೇ ಸರಿ. ನಮ್ಮೂರಿಗೆ ರೈಲಿಲ್ಲ, ಪಕ್ಕದ ಹುಳಿಯಾರಿಗೂ ಇಲ್ಲ, ತಾಲ್ಲೂಕಿನ ಮುಖ್ಯ ಸ್ಥಳವಾದ ಚಿಕ್ಕನಾಯಕನಹಳ್ಳಿಗೂ ಇಲ್ಲ. ರೈಲನ್ನು ಕಾಣಬೇಕಾದರೆ ತಿಪಟೂರಿಗೋ ಬಾಣಸಂದ್ರಕ್ಕೋ ಅರಸೀಕೆರೆಗೋ ಹೋಗಬೇಕು. ನಾನು ಮೊದಲ ಸಲ ಎಂಜಿನನ್ನು ಕಂಡದ್ದು ತಿಪಟೂರಿನಲ್ಲಿ, 1962ರ ಸುಮಾರಿಗೆ. ತಂದೆಯವರು ಕೊಬ್ಬರಿಯನ್ನು ಮಂಡಿಗೆ ಹಾಕಲು ಹೋದವರು, ನನ್ನ ಕಾಟ ತಾಳಲಾರದೆ ಸ್ಟೇಷನ್ನಿಗೆ ಕರೆದೊಯ್ದು ತೋರಿಸಿದರು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರಕ್ಕೆ ಹೋಗುವ ಈ ಮಾರ್ಗವನ್ನು 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿದ್ದರು. 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು. 1990ರ ದಶಕದಲ್ಲಿ ಮೀಟರ್ ಗೇಜಿನ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಮಾಡಿದರು. ಈಗ ಅಲ್ಲಿ ತಂತಿಯ ಕೆಳಗೆ ವಿದ್ಯುತ್ ಎಂಜಿನುಗಳು ಸದ್ದಿಲ್ಲದೆ ಬಂದು ಹೋಗುತ್ತವೆ. ಇವುಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ಅಂದು ತಿಪಟೂರಿನ ಪ್ಲಾಟ್‌ಫಾರಂನ ಮೇಲೆ ತಂದೆಯವರ ಪಂಚೆಯ ಹಿಂದೆ ಅಡಗಿ ನಿಂತು ನೋಡಿದ ಆ ಕರಿಯ ಪ್ರಾಣಿ ಉಸಿರಾಡುತ್ತಿತ್ತು, ಬೆವರುತ್ತಿತ್ತು, ಅದರ ಮೈಯಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಅದೊಂದು ಯಂತ್ರವೆಂದು ನನಗೆ ತೋರಲೇ ಇಲ್ಲ.

ನಾನು ಮಾಡುವುದು ಹೆಚ್ಚಾಗಿ ‘ವೈ.ಪಿ.’ ಎಂಬ ಜಾತಿಯ ಎಂಜಿನುಗಳನ್ನು. ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಗಳನ್ನು ಎಳೆಯಲೆಂದು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಂದ ಜಾತಿ ಇದು. 1949ರಿಂದ 1970ರವರೆಗೆ ಇಂಥವು 871 ತಯಾರಾದುವು. ಮೊದಮೊದಲು ಪರದೇಶದ ಕಾರ್ಖಾನೆಗಳಲ್ಲಿ, ಆಮೇಲೆ ಜೆಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲಿ. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಮತ್ತೆರಡು. ದೊಡ್ಡ ಗಾಲಿಯ ಎತ್ತರ ನಾಲ್ಕೂವರೆ ಅಡಿ. ಟೆಂಡರನ್ನೂ ಸೇರಿಸಿದರೆ ಎಂಜಿನಿನ ಉದ್ದ ಸುಮಾರು 19 ಮೀಟರು.

ಈ ಹವ್ಯಾಸದಲ್ಲಿ ಪಳಗಿದವರು ಸಾಮಾನ್ಯವಾಗಿ ನಿಜದ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕೆಲಸ ಮಾಡುತ್ತಾರೆ. ಎಪ್ಪತ್ತು ದಾಟಿದ ನನ್ನ ಕಣ್ಣಿಗೆ ಅದು ಸಾಗದು. ನಾನು ಹಿಡಿದಿರುವುದು 32ರಲ್ಲಿ ಒಂದು ಪಾಲು. ನಮ್ಮ ಬಡಗಿಗಳ ಲೆಕ್ಕದಲ್ಲಿ ಅಡಿಗೆ ಮೂರು ನೂಲು. ಮೀಟರ್ ಗೇಜು ಈ ಅಳತೆಯಲ್ಲಿ 31 ಮಿಲಿಮೀಟರಿಗೆ ತುಸು ಮೇಲಾಗುತ್ತದೆ. ಆಟಿಕೆ ರೈಲಿನ ಹಳಿಯೊಂದು 32 ಮಿಲಿಮೀಟರ್ ಅಗಲದ್ದಾಗಿ ಬಹುಕಾಲದಿಂದ ಮಾರಾಟದಲ್ಲಿದೆ. ಇದಕ್ಕಿಂತ ಅನುಕೂಲವಾದ ಸಂಯೋಗ ಬೇರೊಂದುಂಟೆ? ನನ್ನ ಎಂಜಿನು ಎರಡು ಅಡಿಗೆ ಅರ್ಧ ಅಂಗುಲ ಕಡಿಮೆಯಾಗಿ ಮುಗಿಯುತ್ತದೆ.

ಕೆಲಸದಲ್ಲಿ ಎರಡು ಘಟ್ಟಗಳುಂಟು. ಮೊದಲನೆಯದು ಅಂಗೋಪಾಂಗಗಳನ್ನು ಕೂಡಿಸುವುದು. ಹಿತ್ತಾಳೆ ತಗಡನ್ನು ಬಗ್ಗಿಸಿ ಬಾಯ್ಲರು ಮಾಡಿ, ಗಾಲಿ ಚಿಮಣಿಗಳನ್ನು ಜೋಡಿಸಿದ ಮಾತ್ರಕ್ಕೆ ಎಂಜಿನಾಗುವುದಿಲ್ಲ, ಆಟದ ಸಾಮಾನಾಗುತ್ತದೆ. ಕೈ ಹಿಡಿಯುವ ಕಂಬಿ ಒಂದು ಮಿಲಿಮೀಟರಿನ ತಂತಿಯಾಗಬೇಕು. ರಿವೆಟ್ಟುಗಳ ತಲೆಯನ್ನು ತಗಡಿನ ಹಿಂಬದಿಯಿಂದ ಮೊಂಡಾದ ಸೂಜಿಯಲ್ಲಿ ಒತ್ತಿ ಒಂದೊಂದಾಗಿ ಎಬ್ಬಿಸಬೇಕು. ಎಣ್ಣೆ ಹರಿಯುವ ಸಣ್ಣ ಕೊಳವೆಗಳಿಗೆ ತಂಬೂರಿಯ ತಂತಿ ಹೇಳಿ ಮಾಡಿಸಿದಂತಿದೆ. ಇಲ್ಲಿ ನಾನು ಹಿಡಿದಿರುವ ನಿಯಮ ಒಂದೇ: ಪ್ರತಿಯೊಂದು ಕೊಳವೆಯೂ ಎಲ್ಲಿಂದಲೋ ಹೊರಟು ಎಲ್ಲಿಗೋ ಸೇರಬೇಕು. ಟೆಂಡರಿನ ನೀರು ಇಂಜೆಕ್ಟರಿಗೆ, ಇಂಜೆಕ್ಟರಿನಿಂದ ಬಾಯ್ಲರಿಗೆ. ಮರಳಿನ ಪೆಟ್ಟಿಗೆಯಿಂದ ಹೊರಟ ಕೊಳವೆ ದೊಡ್ಡ ಗಾಲಿಯ ಮುಂದೆ, ಹಳಿಯ ಮೇಲೆ. ಅಂದಕ್ಕೆಂದು ಅಂಟಿಸಿದ ಕೊಳವೆಯನ್ನು ಕಂಡರೆ ನನಗೆ, ವ್ಯಾಕರಣವಿಲ್ಲದೆ ಸಂಸ್ಕೃತ ಶಬ್ದಗಳನ್ನು ತುಂಬಿದ ಭಾಷಣವನ್ನು ಕೇಳಿದಂತಾಗುತ್ತದೆ.

ಎರಡನೆಯ ಘಟ್ಟವೇ ಮಸಿ. ಬಿಸಿಲು, ಮಳೆ, ಹೊಗೆ, ಧೂಳುಗಳಲ್ಲಿ ದುಡಿದ ಎಂಜಿನಿನ ಮೈ ಹೇಗಾಗುವುದೋ ಹಾಗೆ ಮಾಡುವುದು. ನಾನು ಇದನ್ನು ‘ಮಾಸಿಸುವುದು’ ಎಂದು ಕರೆದುಕೊಂಡಿದ್ದೇನೆ. ಹೊಸದಾಗಿ ಇದಕ್ಕೆ ಕೈಹಾಕಿದವರು ಮಾಡುವುದೇನೆಂದರೆ, ಎಂಜಿನಿನ ತುಂಬ ಕಂದುಬಣ್ಣವನ್ನು ಸುರಿದು ತುಕ್ಕು ಹಿಡಿಸಿಬಿಡುವುದು. ಅದು ಗುಜರಿಯ ಎಂಜಿನಾಯಿತೇ ಹೊರತು ದುಡಿಯುವ ಎಂಜಿನಾಗಲಿಲ್ಲ. ಕೆಲಸವಿಲ್ಲದೆ ಮೂಲೆಯಲ್ಲಿ ನಿಂತ ಕಬ್ಬಿಣಕ್ಕೆ ಬರುವ ತುಕ್ಕೇ ಬೇರೆ, ದಿನವೂ ದುಡಿಯುವ ಕಬ್ಬಿಣಕ್ಕೆ ಹತ್ತುವ ಕೊಳೆಯೇ ಬೇರೆ. ಓಡುತ್ತಿರುವ ಎಂಜಿನಿನಲ್ಲಿ ಹಳಿಯನ್ನು ಮುಟ್ಟುವ ಗಾಲಿಯ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಗಾಲಿಗಳನ್ನು ತಿರುಗಿಸುವ ರಾಡುಗಳು ಎಣ್ಣೆಯಿಂದ ಮಿರುಗುತ್ತಿರುತ್ತವೆ. ಅವುಗಳ ಮೇಲೆ ತುಕ್ಕನ್ನು ತೋರಿಸಿದವನಿಗೆ ಎಂಜಿನಿನ ಸಂಗತಿ ತಿಳಿಯದೆಂದೇ ಅರ್ಥ. ಹತ್ತಿಳಿಯುವ ಮೆಟ್ಟಿಲಿನ ನಡುಭಾಗ ಬೂಟಿನ ತುಳಿತಕ್ಕೆ ಬಣ್ಣ ಕಳೆದುಕೊಂಡು ಬರಿಯ ಕಬ್ಬಿಣವಾಗಿರುತ್ತದೆ. ಅದರ ಪಕ್ಕದ ಹಿಡಿಕಂಬಿಯೂ ಹಾಗೆಯೇ. ಆದರೆ ಕೈ ಎಟುಕುವಷ್ಟು ಎತ್ತರದಲ್ಲಿ ಮಾತ್ರ.

ಪ್ರತಿಯೊಂದು ಕಲೆಗೂ ಒಂದು ಕಾರಣವುಂಟು ಎಂಬುದೇ ಈ ಕೆಲಸದ ಸೊಗಸು. ಚಿಮಣಿಯ ಕೆಳಗಿರುವ ಹೊಗೆಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಬಾಯ್ಲರಿನ ಸುತ್ತ ಶಾಖ ಹೊರಗೆ ಹೋಗದಂತೆ ಒಂದು ಹೊದಿಕೆಯುಂಟು; ಹೊರಗೆ ಕಾಣುವುದು ಆ ಹೊದಿಕೆಯ ಮೇಲಿನ ತಗಡು. ಹೊಗೆಪೆಟ್ಟಿಗೆಗೆ ಈ ಹೊದಿಕೆ ಇಲ್ಲ. ಒಳಗಿನ ಬಿಸಿ ನೇರವಾಗಿ ಕಬ್ಬಿಣಕ್ಕೆ ತಗುಲಿ ಬಣ್ಣವನ್ನು ಸುಟ್ಟುಬಿಡುತ್ತದೆ. ಆದುದರಿಂದ ಒಂದೇ ಡಬ್ಬಿಯ ಕಪ್ಪು ಬಣ್ಣವನ್ನು ಒಂದೇ ದಿನ ಬಳಿದಿದ್ದರೂ ಕೆಲವು ತಿಂಗಳಲ್ಲಿ ಬಾಯ್ಲರು ಕಪ್ಪಾಗಿಯೇ ಉಳಿದು, ಹೊಗೆಪೆಟ್ಟಿಗೆ ಮಾತ್ರ ಬೂದಿಬಣ್ಣಕ್ಕೆ ತಿರುಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಹೊಗೆಪೆಟ್ಟಿಗೆಯ ಬಾಗಿಲನ್ನು ತೆರೆದು ಆ ಬೂದಿಯನ್ನು ಮೊಗೆದು ಹಾಕುವಾಗ ಕೆಳಗಿನ ಹಲಗೆಯ ಮೇಲೆ ಅದು ಚೆಲ್ಲುತ್ತದೆ. ಅಲ್ಲಿ ಒಂದು ಚಿಟಿಕೆ ಬೂದಿ ಕಾಣದಿದ್ದರೆ ಚಿತ್ರ ಪೂರ್ಣವಾಗದು.

ಇನ್ನು ಬಿಳಿಯ ಕಲೆಗಳು. ಬಾವಿಯ ನೀರನ್ನು ಕಾಯಿಸಿದ ಹಂಡೆಯ ಒಳಗೆ ಸುಣ್ಣದಂಥ ಪದರ ಕಟ್ಟುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಎಂಜಿನಿನ ಬಾಯ್ಲರೂ ಒಂದು ಹಂಡೆಯೇ. ಅದರ ಒಳಗನ್ನು ತೊಳೆಯಲೆಂದು ಇಟ್ಟಿರುವ ಬಿರಡೆಗಳ ಸಂದಿನಿಂದಲೂ ಸೇಫ್ಟಿ ವಾಲ್ವಿನ ಬುಡದಿಂದಲೂ ಜಿನುಗಿದ ನೀರು ಆವಿಯಾಗಿ ಹೋಗಿ, ಅದರಲ್ಲಿದ್ದ ಲವಣ ಮಾತ್ರ ಬಾಯ್ಲರಿನ ಹೊಟ್ಟೆಯ ಮೇಲೆ ಬಿಳಿಯ ಗೆರೆಯಾಗಿ ಉಳಿಯುತ್ತದೆ. ಗಡಸುನೀರಿನ ಸೀಮೆಯಲ್ಲಿ ತಿರುಗಿದ ಎಂಜಿನಿಗೆ ಈ ಗೆರೆಗಳು ಹೆಚ್ಚು. ಗೆರೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ಇಳಿಯಬೇಕು, ಇಳಿಯುತ್ತಾ ತೆಳುವಾಗಬೇಕು, ಬಾಯ್ಲರಿನ ಉಬ್ಬನ್ನು ಅನುಸರಿಸಬೇಕು. ಮಕ್ಕಳಿಗೆ ಮೂವತ್ತು ವರ್ಷ ಗುರುತ್ವಾಕರ್ಷಣೆಯ ಪಾಠ ಹೇಳಿದ್ದು ನನಗೆ ಇಲ್ಲಿ ಉಪಯೋಗಕ್ಕೆ ಬಂದಷ್ಟು ಮತ್ತೆಲ್ಲಿಯೂ ಬಂದಿಲ್ಲ.

ಮೈಸೂರಿನ ರೈಲ್ವೆ ಸ್ಟೇಷನ್ನಿನ ಬಳಿ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ನಾನು ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ. ಮಹಾರಾಣಿಯವರ 1899ರ ಸಲೂನ್ ಬಂಡಿಯನ್ನು ಜನ ಮುತ್ತಿಕೊಂಡಿರುವಾಗ ನಾನು ಎಂಜಿನುಗಳ ಅಡಿಯಲ್ಲಿ ಬಗ್ಗಿ, ಅಳತೆಪಟ್ಟಿ ಹಿಡಿದು ಕುಳಿತಿರುತ್ತೇನೆ. ಅಂಗೋಪಾಂಗಗಳಿಗೆ ಅದಕ್ಕಿಂತ ಒಳ್ಳೆಯ ಗುರುಕುಲವಿಲ್ಲ. ಆದರೆ ಮಸಿಯ ಪಾಠ ಅಲ್ಲಿ ಸಿಕ್ಕುವುದಿಲ್ಲ. ಮದುವೆಯ ಮನೆಯ ಚಪ್ಪರದ ಕಂಬಕ್ಕೆ ಬಳಿದಂತೆ ಹೊಳೆಯುವ ಬಣ್ಣ ಬಳಿದು ನಿಲ್ಲಿಸಿದ ಎಂಜಿನುಗಳು ಅವು. ತಪ್ಪೇನಿಲ್ಲ, ಬಯಲಿನಲ್ಲಿ ನಿಂತ ಕಬ್ಬಿಣ ಉಳಿಯಬೇಕಾದರೆ ಬಣ್ಣ ಬೇಕು. ಮಸಿಯ ಪಾಠಕ್ಕೆ ಹಳೆಯ ಛಾಯಾಚಿತ್ರಗಳೇ ಗತಿ, ಇಲ್ಲವೆ ಅದನ್ನು ಮೈಗೆ ಹಚ್ಚಿಕೊಂಡಿದ್ದ ಮನುಷ್ಯರು. ಅಂಥ ಮನುಷ್ಯರೊಬ್ಬರು ನಮ್ಮ ಬಂಧುವರ್ಗದಲ್ಲಿಯೇ ಇರುವುದು ನನ್ನ ಪುಣ್ಯ. ಅವರ ವಿಷಯಕ್ಕೆ ಬರುವ ಮೊದಲು ಸಾಮಗ್ರಿಯ ಮಾತನ್ನು ಮುಗಿಸುತ್ತೇನೆ.

ಪರದೇಶದಲ್ಲಿ ಈ ಕೆಲಸಕ್ಕೆ ಬೇಕಾದ ಪುಡಿಗಳು ಪುಟ್ಟ ಡಬ್ಬಿಗಳಲ್ಲಿ ದೊರೆಯುತ್ತವೆ. ಈಗ ನಮ್ಮಲ್ಲಿಗೂ ಅಂಚೆಯಲ್ಲಿ ತರಿಸಿಕೊಳ್ಳಬಹುದು. ಒಂದು ಸಲ ತರಿಸಿ, ಬೆಲೆಯನ್ನು ನೋಡಿ, ಆಮೇಲೆ ನಮ್ಮ ಹಿತ್ತಲನ್ನು ನೋಡಿದೆ. ಮಸಿಗೆ ದೀಪದ ಕಾಡಿಗೆ ಆಗದು. ಅದರಲ್ಲಿ ಜಿಡ್ಡು ಹೆಚ್ಚು. ತೆಂಗಿನ ಕರಟವನ್ನು ಸುಟ್ಟು, ಇದ್ದಿಲನ್ನು ಅರೆದು, ಹಳೆಯ ಮಲ್ಲುಪಂಚೆಯಲ್ಲಿ ಮೂರು ಸಲ ಶೋಧಿಸಿದರೆ ಬರುವ ಪುಡಿಗೆ ಸಮನಾದುದನ್ನು ನಾನು ಯಾವ ಡಬ್ಬಿಯಲ್ಲಿಯೂ ಕಾಣಲಿಲ್ಲ. ಶೋಧಿಸದೆ ಉಳಿದ ತರಿಯೇ ಟೆಂಡರಿನ ಕಲ್ಲಿದ್ದಲು. ಕರಟದ ಇದ್ದಿಲಿಗೆ ಒಡೆದ ಮುಖದಲ್ಲಿ ಸಣ್ಣದೊಂದು ಹೊಳಪುಂಟು. ಗಾಲಿಗಳ ನಡುವೆ ಬ್ರೇಕಿನ ಕಬ್ಬಿಣ ಸವೆದು ಹಾರುವ ಕಂದು ಪುಡಿಗೆ, ಗೋಡೆಗೆ ಬಳಿಯುವ ಜಾಜು ಮತ್ತು ಮಸಿಯ ಮಿಶ್ರಣ. ಬಿಳಿಯ ಗೆರೆಗೆ ಎಲೆಯಡಿಕೆಯ ಸುಣ್ಣದ ತಿಳಿ, ಅದನ್ನು ಎಳೆಯಲು ತೆಂಗಿನ ಗರಿಯಿಂದ ಸೀಳಿದ ಕಡ್ಡಿ.

ಮಣ್ಣಿಗೆ ಮಾತ್ರ ನಮ್ಮೂರಿನ ಹೆಸರೇ ಸಾಕ್ಷಿ. ಇಂಗ್ಲೆಂಡಿನ ಮಾದರಿಗಳ ಚಿತ್ರಗಳಲ್ಲಿ ಕಾಣುವ ಕೊಳೆ ಒದ್ದೆಯಾದುದು, ಹಸಿರು ಕಪ್ಪಿನದು. ನಮ್ಮ ಸೀಮೆಯ ಕೊಳೆ ಒಣಗಿದ್ದು, ಕೆಂಪಾದುದು. ಗಾಲಿಯಿಂದ ಮೇಲೇರಿ ನಡುಮೈಯವರೆಗೆ ಬಂದು ಅಲ್ಲಿ ಮಸಿಯೊಡನೆ ಬೆರೆಯುವುದು. ಹರಿಹರದ ಕಡೆ ಎರೆಮಣ್ಣು ಬಂದ ಮೇಲೆ ಮತ್ತೊಂದು ಬಣ್ಣ. ಆದರೆ ಮಣ್ಣನ್ನು ಹಾಗೆಯೇ ಹಾಕುವಂತಿಲ್ಲ. ಅರ್ಧ ಮಿಲಿಮೀಟರಿನ ಒಂದು ಕಣ ನನ್ನ ಎಂಜಿನಿನ ಮೇಲೆ ಕುಳಿತರೆ ನಿಜದ ಅಳತೆಯಲ್ಲಿ ಅದು 16 ಮಿಲಿಮೀಟರಿನ ಕಲ್ಲು! ಆದುದರಿಂದ ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಕಣಗಳು ತಳಕ್ಕಿಳಿಯುವ ತನಕ ಕಾದು, ಮೇಲಿನ ಕೆನ್ನೀರನ್ನು ಬಸಿದು ಒಣಗಿಸಿದರೆ ಅರಿಸಿನದಷ್ಟು ನಯವಾದ ಪುಡಿ ಸಿಕ್ಕುತ್ತದೆ. ಈ ಕ್ರಿಯೆಗೆ ನನ್ನ ಮನೆಯಾಕೆಯ ಪಾತ್ರೆಗಳನ್ನು ಬಳಸಿದೆನೆಂಬ ಆಪಾದನೆಯೊಂದು ಇನ್ನೂ ವಿಚಾರಣೆಯಲ್ಲಿದೆ. “ಮನೆಯ ಧೂಳು ಹೊಡೆಯಿರೆಂದರೆ ನಿಮಗೆ ಬೆನ್ನುನೋವು; ಎಂಜಿನಿಗೆ ಧೂಳು ಹಾಕುವಾಗ ಆ ಬೆನ್ನು ಎಲ್ಲಿಗೆ ಹೋಗಿರುತ್ತದೆ?” ಎಂಬುದು ಆಕೆಯ ಪ್ರಶ್ನೆ.

ತೆಂಗಿನ ಸೀಮೆಯಲ್ಲಿದ್ದೂ ಕೆಲಸಕ್ಕೆ ಬಾರದ ವಸ್ತುವೆಂದರೆ ಕೊಬ್ಬರಿಯೆಣ್ಣೆ. ರಾಡುಗಳ ಮೇಲಿನ ಜಿಡ್ಡನ್ನು ತೋರಿಸಲು ಅದನ್ನು ಸವರಿದರೆ ಎಂದಿಗೂ ಒಣಗುವುದಿಲ್ಲ. ಮನೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಗಾಳಿಗೆ ಒಣಗಿ ಪದರವಾಗುವ ಗುಣ ಅಗಸೆಯೆಣ್ಣೆಯದು. ಚಿತ್ರಗಾರರು ಅದನ್ನೇ ಬಣ್ಣಕ್ಕೆ ಬೆರೆಸುವುದು ಈ ಕಾರಣಕ್ಕಾಗಿಯೇ.

ಇನ್ನೊಂದು ಗುಟ್ಟು. ಕೆಳಗಿನ ಬಣ್ಣ ನೀರಿನಲ್ಲಿ ಕರಗುವುದಾಗಿದ್ದರೆ ಮೇಲಿನ ಕೊಳೆಯ ಬಣ್ಣ ಟರ್ಪೆಂಟೈನಿನದಾಗಿರಬೇಕು. ಆಗ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಕೊಳೆ ಮಾತ್ರ ಬಂದೀತೇ ಹೊರತು ಮೈಬಣ್ಣ ಕದಲದು. ಹಾಕುವುದಕ್ಕಿಂತ ಒರೆಸುವುದರಲ್ಲಿಯೇ ಈ ವಿದ್ಯೆಯ ಮುಕ್ಕಾಲು ಪಾಲಿದೆ. ಎಲ್ಲ ಮುಗಿದ ಮೇಲೆ ಹೊಳಪಿಲ್ಲದ ವಾರ್ನಿಷನ್ನು ಮಂಜಿನಂತೆ ಸಿಂಪಡಿಸಿ ಪುಡಿಯನ್ನು ನಿಲ್ಲಿಸಬೇಕು. ವಾರ್ನಿಷ್ ತಗುಲಿದೊಡನೆ ಅರ್ಧ ಪುಡಿ ಮಾಯವಾದಂತೆ ಕಾಣುತ್ತದೆ. ಅದನ್ನೆಣಿಸಿ ಮೊದಲೇ ಕೈ ಬಿಗಿಹಿಡಿಯದೆ ಹಾಕಿರಬೇಕು.

ಇದೆಲ್ಲ ಮುದುಕನೊಬ್ಬನ ಮರುಳೆಂದು ತಿಳಿಯುವವರಿಗೆ ಒಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಮಾಂಟೆರೆಯಲ್ಲಿ ಜಾನ್ ಆಲೆನ್ ಎಂಬ ಛಾಯಾಚಿತ್ರಗಾರರಿದ್ದರು. ಮಾದರಿ ರೈಲೆಂದರೆ ಥಳಥಳಿಸುವ ಆಟದ ಸಾಮಾನೆಂದೇ ಹೆಚ್ಚಿನವರು ತಿಳಿದಿದ್ದ ಕಾಲದಲ್ಲಿ ಎಂಜಿನು, ಬಂಡಿ, ಕಟ್ಟಡಗಳಿಗೆಲ್ಲ ಹಳೆತನವನ್ನು ತಂದು ಜನರ ಕಣ್ಣು ತೆರೆಸಿದವರಲ್ಲಿ ಅವರು ಪ್ರಮುಖರು. ತಮಾಷೆಯ ಮನುಷ್ಯ, ಬಂಡಿಗಳನ್ನು ಎಳೆಯಲು ಎಂಜಿನಿಗೆ ಬದಲಾಗಿ ಪ್ರಾಚೀನ ಯುಗದ ದೈತ್ಯ ಪ್ರಾಣಿಯೊಂದನ್ನೂ ಹಳಿಯ ಮೇಲೆ ಇಟ್ಟಿದ್ದರಂತೆ. ಅವರು 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಅವರ ಬಾಳಿನ ದುಡಿಮೆಯಾದ ಆ ರೈಲುಲೋಕವೂ ಸುಟ್ಟಿತು. ಚಿತ್ರಗಳು ಉಳಿದಿವೆ. ನಮ್ಮ ದೇಶದಲ್ಲಿಯೂ ಪುಣೆಯ ಭಾವುಸಾಹೇಬ ಜೋಶಿಯವರು ಕಟ್ಟಿದ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯ 1998ರಲ್ಲಿ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ಬರಬಹುದು. ಹಿರಿಯರೇ ಮೊದಲು ಮುಂದಿನ ಸಾಲಿಗೆ ನುಗ್ಗುತ್ತಾರೆ.

ಈಗ ನನ್ನ ಸೋದರಮಾವನವರ ವಿಷಯ. ನನ್ನ ತಾಯಿಯ ಕಡೆಯ ತಮ್ಮ, ವಯಸ್ಸು ಎಂಬತ್ತೆರಡು. 1963ರಲ್ಲಿ ಅರಸೀಕೆರೆಯ ಷೆಡ್ಡಿನಲ್ಲಿ ಕ್ಲೀನರಾಗಿ ಸೇರಿದವರು. ಕ್ಲೀನರೆಂದರೆ ಎಂಜಿನನ್ನು ಒರೆಸುವವನು. ಎಣ್ಣೆಯಲ್ಲಿ ನೆನೆಸಿದ ಹತ್ತಿಯ ನೂಲಿನ ಉಂಡೆಯನ್ನು ಹಿಡಿದು ರಾತ್ರಿಯೆಲ್ಲ ಉಜ್ಜುವ ಕೆಲಸ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಫೈರ್‌ಮನ್, ಷಂಟರ್, ಕೊನೆಗೆ ಡ್ರೈವರ್. ಉಗಿಯ ಕಾಲ ಮುಗಿದ ಮೇಲೆ ಡೀಸೆಲ್ ಎಂಜಿನನ್ನೂ ನಡೆಸಿ ನಿವೃತ್ತರಾದರು. ಈಗ ತಿಪಟೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಮಂದ, ಫೈರ್‌ಮನ್ ಆಗಿದ್ದವರಿಗೆ ಅದು ಸಂಬಳದೊಡನೆ ಸೇರಿಯೇ ಬರುತ್ತಿತ್ತೆಂದು ಅವರೇ ಹೇಳುತ್ತಾರೆ. ಕಣ್ಣು ಮಾತ್ರ, ಪೊರೆ ತೆಗೆಸಿದ ಮೇಲೆ, ನನ್ನದಕ್ಕಿಂತ ಚುರುಕು.

ಹೋದ ವರ್ಷ ಗೌರಿಹಬ್ಬಕ್ಕೆ ನಮ್ಮಲ್ಲಿಗೆ ಬಂದರು. ಮೂರು ವರ್ಷ ಕುಳಿತು ಮಾಡಿದ ವೈ.ಪಿ. ಎಂಜಿನು ಮೇಜಿನ ಮೇಲಿತ್ತು. ಮಸಿ, ಮಣ್ಣು, ಸುಣ್ಣ ಎಲ್ಲವೂ ಆಗಿತ್ತು. ಕೊನೆಯ ಒರೆಸುವಿಕೆಯೂ ವಾರ್ನಿಷೂ ಉಳಿದಿದ್ದುವು. ಮಾವನವರು ಕನ್ನಡಕವನ್ನು ಏರಿಸಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು. ಇಂಜೆಕ್ಟರಿನ ಕೊಳವೆಯನ್ನು ಬೆರಳಿನಿಂದ ಅನುಸರಿಸಿಕೊಂಡು ಹೋಗಿ ತಲೆದೂಗಿದರು. ಆಮೇಲೆ ಹೇಳಿದ್ದು ಇಷ್ಟು:

“ಎಲ್ಲಾ ಸರಿಯಾಗಿದೆ ಕಣಯ್ಯ. ಆದರೆ ಇಷ್ಟು ಚೆನ್ನಾಗಿ ಮಾಡಿ ಆಮೇಲೆ ಮಸಿ ಯಾಕೆ ಬಳಿದೆ?”

ನಾನು ನನ್ನ ಸಿದ್ಧಾಂತವನ್ನೆಲ್ಲ ವಿವರಿಸಿದೆ. ದುಡಿದ ಎಂಜಿನು ಹೀಗೆಯೇ ಇರುತ್ತಿತ್ತಲ್ಲವೆ, ಚಿತ್ರಗಳನ್ನು ನೋಡಿ ಎಂದು ನಾಲ್ಕು ಚಿತ್ರಗಳನ್ನು ತೋರಿಸಿದೆ. ಅವರು ಚಿತ್ರಗಳ ಕಡೆ ನೋಡಲಿಲ್ಲ.

“ಇರುತ್ತಿತ್ತು. ಇಲ್ಲ ಅಂದವರು ಯಾರು? ಅದನ್ನು ಹೋಗಿಸೋದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.”

ಮಾತು ಅಲ್ಲಿಗೆ ನಿಲ್ಲಲಿಲ್ಲ. ಊಟವಾದ ಮೇಲೆ, ಎಲೆಯಡಿಕೆ ಹಾಕಿಕೊಂಡು, ನಾನು ಹಿಂದೆಂದೂ ಕೇಳದಿದ್ದ ಸಂಗತಿಯೊಂದನ್ನು ಹೇಳಿದರು. ಫೈರ್‌ಮನ್ ಆದ ಹೊಸದರಲ್ಲಿ ಅವರಿಗೆ ಹೆಣ್ಣು ನೋಡಲು ಹೋಗಿದ್ದರಂತೆ. ಹಿಂದಿನ ರಾತ್ರಿ ನಮ್ಮ ಅಜ್ಜಿ ಅವರ ಕೈಗಳಿಗೆ ಕೊಬ್ಬರಿಯೆಣ್ಣೆಯನ್ನು ತಿಕ್ಕಿ ತಿಕ್ಕಿ, ಸೀಗೆಪುಡಿ ಹಾಕಿ ಮೂರು ಸಲ ತೊಳೆಸಿದ್ದರು. ಮೈಯ ಮಸಿ ಹೋಯಿತು. ಉಗುರಿನ ಸಂದಿನಲ್ಲಿಯೂ ಅಂಗೈಯ ಗೆರೆಗಳಲ್ಲಿಯೂ ಇದ್ದುದು ಹೋಗಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ತೆಗೆದುಕೊಳ್ಳಲು ಚಾಚಿದ ಕೈಯನ್ನು ಹೆಣ್ಣಿನ ತಂದೆ ನೋಡಿದರು. ಸರ್ಕಾರಿ ಕೆಲಸವೆಂದು ಒಪ್ಪಿದ್ದವರು ಮರುವಾರ ಜಾತಕ ಕೂಡಲಿಲ್ಲವೆಂದು ಹೇಳಿ ಕಳುಹಿಸಿದರು. “ಜಾತಕ ಮೊದಲೇ ಕೂಡಿಬಂದಿತ್ತು” ಎಂದರು ಮಾವ, ಸುಣ್ಣದ ಡಬ್ಬಿಯ ಮುಚ್ಚಳವನ್ನು ಹಾಕುತ್ತ. ಆಮೇಲೆ ಬೇರೆ ಕಡೆ ಮದುವೆಯಾಯಿತು, ಸುಖವಾಗಿಯೂ ಇದ್ದರು. ಅತ್ತೆಯವರಂಥ ಹೆಂಗಸು ಮತ್ತೊಬ್ಬರಿಲ್ಲ. ಆದರೆ ಅರುವತ್ತು ವರ್ಷದ ಹಿಂದಿನ ಆ ತಟ್ಟೆ ಅವರಿಗೆ ಮರೆತಿಲ್ಲ.

ನಾನು ಸುಮ್ಮನೆ ಕೇಳಿದೆ. ಮಸಿಯೆಂಬುದು ನನಗೆ ನೋಡಲು ಸೊಗಸಾದ ಒಂದು ಬಣ್ಣ; ಹತ್ತಿರಕ್ಕೆ ಹೋಗಿ, ಭೂತಗನ್ನಡಿ ಹಿಡಿದು, ಅದರ ಛಾಯಾಭೇದಗಳನ್ನು ಸವಿಯಬಲ್ಲೆ. ಅವರಿಗೆ ಅದು ದಿನವೂ ಸೋಲಿಸಬೇಕಾಗಿದ್ದ, ಮರುದಿನ ಮತ್ತೆ ಎದ್ದು ಬರುತ್ತಿದ್ದ ವೈರಿ. ಹಾಗೆಂದು ನನ್ನ ಸಿದ್ಧಾಂತವನ್ನು ನಾನು ಬಿಡಲಿಲ್ಲ. ಕೊಳೆಯಿಲ್ಲದ ಎಂಜಿನನ್ನು ತೋರಿಸಿದರೆ, ಅದನ್ನು ಒರೆಸಿದವರು ಇದ್ದರೆಂಬುದನ್ನೇ ನೋಡಿದವರು ಅರಿಯರು. ತಾನಾಗಿಯೇ ಅದು ಹಾಗಿತ್ತೆಂದುಕೊಳ್ಳುತ್ತಾರೆ. ಇದನ್ನು ಅವರಿಗೆ ಕೇಳಿಸುವಂತೆ ಕೂಗಿಯೇ ಹೇಳಿದೆ. ಅಡಿಗೆಮನೆಯಿಂದ ಮನೆಯಾಕೆ ಬಂದು, ಜಗಳವೇನೆಂದು ವಿಚಾರಿಸಿ ಹೋದಳು.

ಮಾವನವರು ಮತ್ತೆ ಮೇಜಿನ ಬಳಿ ಹೋದರು. ಈ ಸಲ ನೋಡಿದ್ದು ಎಂಜಿನನ್ನಲ್ಲ, ಕೊಳೆಯನ್ನು. ಚಿಮಣಿಯ ಸುತ್ತಿನ ಮಸಿ ಸರಿ ಎಂದರು. ಬಿಳಿಯ ಗೆರೆ ಕಡಿಮೆಯಾಯಿತು ಎಂದರು, “ಆ ನೀರಿಗೆ ಇನ್ನೂ ಬೇಕು.” ಕ್ಯಾಬಿನ ನೆಲದ ಮೇಲೆ ಇದ್ದಿಲ ಪುಡಿ ಹೆಚ್ಚಾಯಿತು, ಧೂಳು ಏಳದಿರಲೆಂದು ಕಲ್ಲಿದ್ದಲಿಗೂ ನೆಲಕ್ಕೂ ಕೊಳವೆಯಿಂದ ನೀರು ಹಾಯಿಸುತ್ತಿದ್ದರಂತೆ, ಆದ್ದರಿಂದ ನೆಲ ತೊಳೆದಂತೆ ಇರುತ್ತಿತ್ತು. ಕೊನೆಗೆ ಕ್ಯಾಬಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ನಂಬರಿನ ಬಳಿ ಬೆರಳಿಟ್ಟರು.

“ಇದು ಮಾತ್ರ ಆಗದು. ಎಷ್ಟೇ ಅವಸರವಿರಲಿ, ಇಡೀ ಗಾಡಿ ಒರೆಸೋದಕ್ಕೆ ಹೊತ್ತಿಲ್ಲದೆ ಹೋಗಲಿ, ನಂಬರು ಒರೆಸದೆ ಯಾವನೂ ಷೆಡ್ಡು ಬಿಡುತ್ತಿರಲಿಲ್ಲ.”

ನಾನು ಕಡೆಗೆಂದು ಉಳಿಸಿಕೊಂಡಿದ್ದ ಕೆಲಸವೇ ಅದು. ಕೊಳೆಯಾದ ಎಂಜಿನಿನ ಮೈಮೇಲೆ ನಂಬರಿನ ಸುತ್ತ ಮಾತ್ರ ಒರೆಸಿದ ಒಂದು ತುಂಡು ಕಪ್ಪು ಹೊಳೆಯುವುದನ್ನು ಎಷ್ಟೋ ಚಿತ್ರಗಳಲ್ಲಿ ಕಂಡಿದ್ದೆ. ಬಟ್ಟೆಯ ಚೂರನ್ನು ತೆಂಗಿನ ಕಡ್ಡಿಯ ತುದಿಗೆ ಸುತ್ತಿ, ಟರ್ಪೆಂಟೈನಿನಲ್ಲಿ ಅದ್ದಿ, “ನೀವೇ ಒರೆಸಿ ಮಾವ” ಎಂದು ಅವರ ಕೈಗೆ ಕೊಟ್ಟೆ. ಕೈ ನಡುಗುತ್ತಿತ್ತು. ಬಟ್ಟೆ ತಗಡಿಗೆ ತಗುಲಿದ ಮೇಲೆ ನಡುಗಲಿಲ್ಲ. ನಾನಾಗಿದ್ದರೆ ಕುಂಚದವನಂತೆ ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದೆ. ಅವರು ಅಂಕಿಗಳ ಮೇಲೆ ಸಣ್ಣ ಸಣ್ಣ ಸುತ್ತುಗಳಾಗಿ ಉಜ್ಜಿದರು. ಅಂಚಿನಲ್ಲಿ ಕೊಳೆ ಚೌಕವಾಗಿ ನಿಲ್ಲದೆ ಅಲೆಯಲೆಯಾಗಿ ನಿಂತಿತು. ಐದು ಮೂಲೆಯೂ ಅಲ್ಲದ, ವೃತ್ತವೂ ಅಲ್ಲದ ಆ ಆಕಾರವನ್ನು ಯಾವ ಕುಂಚದಿಂದಲೂ ಬರೆಯಲಾಗದು. ಒರೆಸಿ ಮುಗಿಸಿ, ಬಟ್ಟೆಗೆ ಹತ್ತಿದ ಕರಿಯನ್ನು ನೋಡಿ, ಅಭ್ಯಾಸಬಲದಿಂದ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. ಬಿಳಿಯ ಪಂಚೆ, ಹಬ್ಬಕ್ಕೆ ನಾವು ಕೊಟ್ಟದ್ದು. ಮನೆಯಾಕೆ ನೋಡಿಯೂ ಏನೂ ಅನ್ನಲಿಲ್ಲ. ನಾನು ಒರೆಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಮರುದಿನ ವಾರ್ನಿಷ್ ಹಾಕಿ ಆ ಎಂಜಿನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಗಾಜು ಅಗತ್ಯ, ನಮ್ಮ ಮನೆಯ ಧೂಳು 32ರ ಅಳತೆಗೆ ಸರಿಹೊಂದುವುದಿಲ್ಲ. ನೋಡಲು ಬಂದವರಲ್ಲಿ ಅನೇಕರು, ಒಂದು ಕಡೆ ಬಣ್ಣ ಹೋಗಿದೆಯಲ್ಲ ಎಂದು ನಂಬರಿನ ಕಡೆ ಬೆರಳು ತೋರಿಸುತ್ತಾರೆ. ಯಾರು ಒರೆಸಿದ್ದೆಂದು ಹೇಳುತ್ತೇನೆ.

ಈಗ ಕೈಯಲ್ಲಿರುವುದು ‘ವೈ.ಜಿ.’, ಸರಕಿನ ಗಾಡಿಯ ಎಂಜಿನು, ಎಂಟು ದೊಡ್ಡ ಗಾಲಿಯದು. ಮಾವನವರು ಫೋನಿನಲ್ಲಿ ಮೊದಲೇ ಕರಾರು ಹಾಕಿದ್ದಾರೆ: ಇದು ಆಯುಧಪೂಜೆಯ ಮಾರನೆಯ ದಿನದ ಎಂಜಿನಾಗಬೇಕು. ಪೂಜೆಗೆಂದು ಷೆಡ್ಡಿನಲ್ಲಿ ಎಂಜಿನುಗಳನ್ನು ತಿಕ್ಕಿ ತೊಳೆದು, ಬಾಳೆಕಂದು ಕಟ್ಟಿ, ಹೊಗೆಪೆಟ್ಟಿಗೆಯ ಬಾಗಿಲಿಗೆ ವಿಭೂತಿಯ ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದರು. ಗಾಲಿಯ ಕೆಳಗೆ ನಿಂಬೆಹಣ್ಣು. ಹಬ್ಬ ಮುಗಿದು ಬೆಂಕಿ ಹಾಕಿ ಹೊರಟ ಮೇಲೆ ಬಾಗಿಲು ಕಾಯುತ್ತದೆ. “ಕುಂಕುಮ ಕೆಂಪಾಗಿಯೇ ಇರುತ್ತದೆಂದು ತಿಳಿಯಬೇಡ. ಅರಸೀಕೆರೆ ಬಿಟ್ಟು ಬೀರೂರು ಮುಟ್ಟುವುದರೊಳಗೆ ಕಂದಾಗಿರುತ್ತದೆ” ಎಂದರು. ಎಷ್ಟು ಕಂದು ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, “ಹುರಿದ ಕಾಫಿಬೀಜ ಅಲ್ಲ, ಅದಕ್ಕೆ ಮೊದಲು” ಎಂದರು. ಅಂದಿನಿಂದ ಹೆಂಚಿನ ಮೇಲೆ ಚಿಟಿಕೆ ಚಿಟಿಕೆಯಾಗಿ ಕುಂಕುಮವನ್ನು ಹುರಿದು ನೋಡುತ್ತಿದ್ದೇನೆ. ಅದು ದೇವರ ಮುಂದಿನ ಭರಣಿಯದೆಂಬುದನ್ನು ಮನೆಯಾಕೆಗೆ ಇನ್ನೂ ತಿಳಿಸಿಲ್ಲ.